‘ಅವ್ವಾ, ನನ್ನೊಳಗ ಸೈತಾನ ಹಾನೇನು?’

ಪ್ರಶ್ನೆ: ಅಯ್ಯನವರಿಗೆ ವಂದನೆಗಳು. ನಾವು ಹುಮನಾಬಾದ್ ತಾಲ್ಲೂಕಿನ ಒಂದು ಹಳ್ಳಿಯವರು. ಮೂರು ತಲೆಮಾರಿನಿಂದ ಮೆಥೊಡಿಸ್ಟ್ ಸಭೆಯವರು. ನನ್ನ ಮಗನಿಗೆ ಈಗ 15 ವರ್ಷ. ಎರಡು ವರ್ಷದ ಹಿಂದೆ ಮೊದಲ ಸಲ ಫಿಟ್ಸ್ ಬಂತು. ಡಾಕ್ಟರು ಗುಳಿಗೆ ಬರೆದುಕೊಟ್ಟರು. ಒಂದು ವರ್ಷಕ್ಕೂ ಮೇಲೆ ಏನೂ ತೊಂದರೆ ಆಗಲಿಲ್ಲ. ಈಚೆಗೆ ಪಕ್ಕದ ಊರಿನ ಒಂದು ಪ್ರಾರ್ಥನಾ ಕೂಟಕ್ಕೆ ಹೋದೆವು. ಅಲ್ಲಿ ‘ಇದು ರೋಗ ಅಲ್ಲ, ಸೈತಾನ. ಮಾರ್ಕನ 9ನೇ ಅಧ್ಯಾಯ ಓದಿ. ಗುಳಿಗೆ ಕೊಡುವುದು ಅಪನಂಬಿಕೆ’ ಅಂದರು. ಗುಳಿಗೆ ನಿಲ್ಲಿಸಿ 21 ದಿನದ ಉಪವಾಸ ಪ್ರಾರ್ಥನೆ ಹಿಡಿದೆವು. 16ನೇ ದಿನ ಹುಡುಗ ಒಲೆಯ ಮುಂದೆ ಬಿದ್ದು ಮುಂಗೈ ಸುಟ್ಟುಕೊಂಡ. ಈಗ ‘ಮನೆಯಲ್ಲಿ ಯಾರೋ ಪಾಪ ಮುಚ್ಚಿಟ್ಟಿದ್ದೀರಿ. ಚಿಕ್ಕವನಿದ್ದಾಗ ಅಜ್ಜಿ ದಾರ ಕಟ್ಟಿಸಿದ್ದಳಲ್ಲ, ಅದೇ ಸೈತಾನನಿಗೆ ಬಾಗಿಲು’ ಎನ್ನುತ್ತಾರೆ. ಓಣಿಯವರು ಭಾನಾಮತಿ ಎನ್ನುತ್ತಾರೆ. ಹುಡುಗ ಚರ್ಚಿನಲ್ಲಿ ಢೋಲಕ್ ಬಾರಿಸುತ್ತಿದ್ದ. ಈ ಮಾತು ಕೇಳಿ ನಮ್ಮ ಸಭೆಯವರೂ ಅದನ್ನು ಬಿಡಿಸಿದ್ದಾರೆ. ರಾತ್ರಿ ಮಲಗುವಾಗ ‘ಅವ್ವಾ, ನನ್ನೊಳಗ ಸೈತಾನ ಹಾನೇನು?’ ಅಂತ ಕೇಳುತ್ತಾನೆ. ನಾನು ಏನು ಹೇಳಲಿ? ನಿಜವಾಗಿ ಸೈತಾನ ಇದ್ದಾನಾ, ಇಲ್ಲವಾ?

ಉತ್ತರ: ತಂಗಿ, ಸೈತಾನನ ಮಾತು ಆಮೇಲೆ ಆಡೋಣ. ಮೊದಲು ಗುಳಿಗೆಯ ಮಾತು.

ಫಿಟ್ಸ್ ಗುಳಿಗೆಯನ್ನು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಮರಳಿ ಬರುವ ಅಪಾಯ ತುಂಬಾ ಜಾಸ್ತಿ. ಕೆಲವರಿಗೆ ಒಂದರ ಮೇಲೊಂದು ಬಂದು ನಿಲ್ಲುವುದೇ ಇಲ್ಲ, ಜೀವಕ್ಕೇ ಕುತ್ತು. 16ನೇ ದಿನ ನಿಮ್ಮ ಮನೆಯಲ್ಲಿ ನಡೆದದ್ದು ನಿಮ್ಮ ನಂಬಿಕೆ ಸಾಲದ್ದಕ್ಕೆ ನಡೆದದ್ದಲ್ಲ. ಔಷಧಿ ಮೈಯಿಂದ ಇಳಿದುಹೋಗಿತ್ತು, ಅಷ್ಟೇ. ದಯವಿಟ್ಟು ನಾಳೆಯೇ ಹಳೆ ಚೀಟಿ, ಉಳಿದ ಗುಳಿಗೆ ಎರಡನ್ನೂ ಚೀಲಕ್ಕೆ ಹಾಕಿಕೊಂಡು ಮೊದಲಿನ ಡಾಕ್ಟರ ಹತ್ತಿರ ಹೋಗಿ. ಅವರು ಸಿಗದಿದ್ದರೆ ಬೀದರ್‌ನ ಬ್ರಿಮ್ಸ್‌ಗೆ, ಇಲ್ಲವೇ ಕಲಬುರಗಿಯ ಜಿಮ್ಸ್‌ಗೆ ಹೋಗಿ. ಎರಡೂ ಸರ್ಕಾರಿ ಆಸ್ಪತ್ರೆಗಳೇ. ಎಷ್ಟು ದಿನ ನಿಲ್ಲಿಸಿದ್ದಿರಿ ಅಂತ ಮುಚ್ಚಿಡದೆ ಹೇಳಿ. ಮತ್ತೆ ಎಷ್ಟರಿಂದ ಶುರು ಮಾಡಬೇಕು ಅನ್ನುವುದನ್ನು ಅವರೇ ಹೇಳಬೇಕು. ಅಂದಾಜಿನ ಮೇಲೆ ಕೊಡಬೇಡಿ. ಸುಟ್ಟ ಕೈಯನ್ನೂ ತೋರಿಸಿ. ಅಲ್ಲಿಯವರೆಗೆ ಹುಡುಗನನ್ನು ಒಲೆ, ಬಾವಿ, ಮಾಳಿಗೆಯ ಅಂಚು ಇವುಗಳಿಂದ ದೂರ ಇಡಿ. ಬಿದ್ದರೆ ಮಗ್ಗುಲಿಗೆ ಹೊರಳಿಸಿ, ಕೊರಳ ಗುಂಡಿ ಬಿಚ್ಚಿ. ಬಾಯಿಗೆ ಚಮಚ ತುರುಕಬೇಡಿ. ಕೈಗೆ ಕೀಲಿಕೈ ಕೊಡುವುದು, ಮೂಗಿಗೆ ಉಳ್ಳಾಗಡ್ಡಿ ಹಿಡಿಯುವುದು ಯಾವುದೂ ಬೇಡ. ಐದು ನಿಮಿಷ ದಾಟಿದರೆ 108ಕ್ಕೆ ಫೋನ್ ಮಾಡಿ.

ಜಗತ್ತಿನಲ್ಲಿ ಸುಮಾರು 5 ಕೋಟಿ ಜನರಿಗೆ ಈ ತೊಂದರೆ ಇದೆ. ಸರಿಯಾದ ಔಷಧಿ ಸಿಕ್ಕರೆ ನೂರರಲ್ಲಿ 70 ಜನರವರೆಗೆ ಫಿಟ್ಸ್ ಇಲ್ಲದೆ ಬಾಳಬಹುದು. ನಿಮ್ಮ ಹುಡುಗ ಒಂದು ವರ್ಷ ಹಾಗೆ ಬಾಳಿದ್ದ ಅಲ್ವಾ?

ಇಷ್ಟು ಹೇಳಿದ್ದಕ್ಕೆ ‘ಅಯ್ಯನವರಿಗೆ ಸೈತಾನನ ಮೇಲೆ ನಂಬಿಕೆಯಿಲ್ಲ’ ಅಂತ ತಿಳಿಯಬೇಡಿ. ಸೈತಾನ ಇದ್ದಾನೆ ಎಂದೇ ನಾನು ನಂಬುತ್ತೇನೆ. ಕಲಬುರಗಿಯಲ್ಲಿ ಸಭೆ ನೋಡಿಕೊಂಡು, ಹುಡುಗರಿಗೆ ದೇವಶಾಸ್ತ್ರ ಪಾಠ ಹೇಳಿಕೊಂಡು ಮೂವತ್ತು ವರ್ಷ ದಾಟಿದೆ. ಈ ಮಾತನ್ನು ಹಗುರವಾಗಿ ಆಡುವವನಲ್ಲ. ಆದರೆ ಕೂಟದವರು ಬೆರಳು ತೋರಿಸಿದ ಜಾಗದಲ್ಲಿ, ನಿಮ್ಮ ಮಗನ ಮೈಯಲ್ಲಿ, ಅವನು ನನಗೆ ಕಾಣುತ್ತಿಲ್ಲ. ನಿಮ್ಮ ಪತ್ರದ ಇನ್ನೊಂದು ಸಾಲಿನಲ್ಲಿ ಕಾಣುತ್ತಿದ್ದಾನೆ. ಯಾವ ಸಾಲು ಅಂತ ಹೇಳುವ ಮುಂಚೆ ಅವನ ಹೆಸರಿನ ಅರ್ಥ ಹೇಳುತ್ತೇನೆ.

‘ಸಾತಾನ್’ ಹೀಬ್ರೂ ಮಾತು. ಎದುರು ನಿಲ್ಲುವವನು, ದೂರು ಹೇಳುವವನು ಎಂದು ಅರ್ಥ. ನಮ್ಮ ಕಡೆ ಕೋರ್ಟಿನಲ್ಲಿ ‘ಫಿರ್ಯಾದಿ’ ಅಂತೀವಲ್ಲ, ಹೆಚ್ಚುಕಡಿಮೆ ಅದೇ. ಹೊಸ ಒಡಂಬಡಿಕೆಯ ಗ್ರೀಕ್‌ನಲ್ಲಿ ಅವನಿಗೆ ‘ದಿಯಾಬೊಲೊಸ್’ ಎನ್ನುತ್ತಾರೆ. ಅದರ ಅರ್ಥ ಚಾಡಿಕೋರ, ಸುಳ್ಳು ಆಪಾದನೆ ಹೊರಿಸುವವನು. ಕೋರೆಹಲ್ಲು, ಕೊಂಬು, ಬಾಲ ಇವೆಲ್ಲ ಆಮೇಲೆ ಚಿತ್ರ ಬರೆಯುವವರು ಅಂಟಿಸಿದ್ದು. ಲೂಸಿಫರ್ ಎಂಬ ಹೆಸರೂ ಅಷ್ಟೇ. ಯೆಶಾಯ 14ರಲ್ಲಿ ಬಾಬೆಲಿನ ರಾಜನನ್ನು ಹಂಗಿಸುತ್ತಾ ‘ಬೆಳಗಿನ ಬೆಳ್ಳಿಚುಕ್ಕಿಯೇ, ಹೇಗೆ ಬಿದ್ದೆ’ ಎಂದು ಬರೆದದ್ದು ಲ್ಯಾಟಿನ್ ಬೈಬಲಿನಲ್ಲಿ ಲೂಸಿಫರ್ ಆಯಿತು. ಅದನ್ನು ಸೈತಾನನ ಕಥೆಯಾಗಿ ಓದಿದ್ದು ಸಭೆಯ ಪಿತೃಗಳು, ಅಂದರೆ ಮೊದಲ ಶತಮಾನಗಳ ಕ್ರೈಸ್ತ ಗುರುಗಳು. ಆದಾಮ-ಹವ್ವರ ಕಥೆಯಲ್ಲಿ ಬರುವ ಆದಿಕಾಂಡದ ಹಾವನ್ನೂ ಆ ಪುಸ್ತಕದಲ್ಲಿ ಸೈತಾನ ಎಂದು ಕರೆದಿಲ್ಲ. ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆಯ 12ನೇ ಅಧ್ಯಾಯಕ್ಕೆ ಬಂದಾಗಲೇ ‘ಆ ಪುರಾತನ ಸರ್ಪ’ ಎಂಬ ಮಾತು ಸಿಗುವುದು.

ಹಳೆ ಒಡಂಬಡಿಕೆಯ 39 ಪುಸ್ತಕಗಳಲ್ಲಿ ಈ ಫಿರ್ಯಾದಿ ಕಾಣಿಸಿಕೊಳ್ಳುವುದು ಮೂರೇ ಕಡೆ: ಯೋಬ, ಜೆಕರ್ಯ, ಪೂರ್ವಕಾಲವೃತ್ತಾಂತ. ತಪ್ಪಿಲ್ಲದೆ ಕಷ್ಟ ಅನುಭವಿಸಿದ ಯೋಬನ ಪುಸ್ತಕಕ್ಕೆ 42 ಅಧ್ಯಾಯ. ಸೈತಾನ ಇರುವುದು ಮೊದಲ ಎರಡರಲ್ಲಿ ಮಾತ್ರ. ಆಮೇಲೆ ಅವನ ಸುದ್ದಿಯೇ ಇಲ್ಲ. ಅವನ ಕೆಲಸವನ್ನು ಯೋಬನ ಗೆಳೆಯರು ಮುಂದುವರಿಸುತ್ತಾರೆ! ‘ನೀನು ಏನೋ ಪಾಪ ಮಾಡಿದ್ದೀಯ, ಇಲ್ಲದಿದ್ದರೆ ಹೀಗಾಗುತ್ತಿರಲಿಲ್ಲ’ ಎಂದು ಹುಣ್ಣು ತುಂಬಿದ ಮನುಷ್ಯನ ಮುಂದೆ ಕೂತು ಹೇಳುತ್ತಲೇ ಇರುತ್ತಾರೆ. ಕೊನೆಗೆ ದೇವರು ಸಿಟ್ಟಾಗುವುದು ಆ ಗೆಳೆಯರ ಮೇಲೆ.

ನನಗೆ ಜಾಸ್ತಿ ಹಿಡಿಸಿದ್ದು ಜೆಕರ್ಯ 3. ಮಹಾಯಾಜಕ ಯೆಹೋಶುವ ಕೊಳೆಬಟ್ಟೆ ಉಟ್ಟು ದೇವದೂತನ ಎದುರು ನಿಂತಿದ್ದಾನೆ. ಬಲಗಡೆ ಸೈತಾನ ದೂರು ಹೇಳಲು ಸಿದ್ಧವಾಗಿ ನಿಂತಿದ್ದಾನೆ. ಬಟ್ಟೆ ಕೊಳೆಯಾಗಿರುವುದು ನಿಜವೇ. ಆದರೂ ದೇವರು ಗದರಿಸುವುದು ಯೆಹೋಶುವನನ್ನಲ್ಲ, ದೂರುಗಾರನನ್ನು. ‘ಇವನು ಉರಿಯಿಂದ ಎಳೆದ ಕೊಳ್ಳಿ ಅಲ್ಲವೇ’ ಎನ್ನುತ್ತಾನೆ. ಆಮೇಲೆ ಕೊಳೆಬಟ್ಟೆ ತೆಗೆಸಿ ಒಳ್ಳೆ ಬಟ್ಟೆ ಉಡಿಸುತ್ತಾನೆ. ಪ್ರಕಟನೆ 12ರಲ್ಲಿ ಸೈತಾನನಿಗೆ ಕೊಟ್ಟ ಬಿರುದೂ ಇದೇ: ಹಗಲೂ ರಾತ್ರಿ ನಮ್ಮ ಸಹೋದರರ ಮೇಲೆ ದೂರು ಹೇಳುವವನು. ಪವಿತ್ರಾತ್ಮನಿಗೆ ಯೋಹಾನ ಬಳಸುವ ಗ್ರೀಕ್ ಮಾತಿಗೆ ಪಕ್ಕದಲ್ಲಿ ನಿಂತು ನಮ್ಮ ಪರವಾಗಿ ಮಾತಾಡುವವನು ಎಂಬ ಅರ್ಥವಿದೆ. ವಕೀಲ ಅಂದರೂ ನಡೆಯುತ್ತದೆ.

ಈಗ ನಿಮ್ಮ ಪತ್ರಕ್ಕೆ ಬರೋಣ. ಸುಟ್ಟ ಕೈಯ ಹುಡುಗ ಮೂಲೆಯಲ್ಲಿ ಕೂತಿದ್ದಾನೆ. ಎದುರಿಗೆ ಅವನ ತಾಯಿ. ಅವಳಿಗೆ ‘ಪಾಪ ಮುಚ್ಚಿಟ್ಟಿದ್ದೀರಿ’ ಎನ್ನುತ್ತಿದ್ದಾರೆ. ಅಜ್ಜಿಯ ಮೇಲೂ ದೂರು. ಕೊನೆಗೆ ಆ ದೂರು ಹುಡುಗನ ಎದೆಯೊಳಗೇ ಇಳಿದು, ರಾತ್ರಿ ಅವನ ಬಾಯಿಂದಲೇ ಪ್ರಶ್ನೆಯಾಗಿ ಬರುತ್ತಿದೆ. ನಾನು ಸೈತಾನನ ಕೆಲಸ ಕಂಡದ್ದು ಈ ಸಾಲಿನಲ್ಲಿ, ತಂಗಿ.

ಕೂಟದವರನ್ನೇ ಸೈತಾನರು ಎನ್ನುವುದಿಲ್ಲ. ಬಹುಶಃ ಒಳ್ಳೆಯ ಮನಸ್ಸಿನಿಂದಲೇ ಹೇಳಿರುತ್ತಾರೆ. ಯೇಸುವಿನ ಶಿಷ್ಯ ಪೇತ್ರನೂ ಒಳ್ಳೆಯ ಮನಸ್ಸಿನಿಂದಲೇ ಯೇಸುವನ್ನು ಶಿಲುಬೆಯ ದಾರಿಯಿಂದ ತಡೆಯಲು ಹೋದ. ‘ಸೈತಾನನೇ, ನನ್ನ ಹಿಂದೆ ಹೋಗು’ ಎಂಬ ಮಾತು ಕೇಳಬೇಕಾಯಿತು. ಹಾಗಂತ ಯೇಸು ಪೇತ್ರನ ಮೈಯಿಂದ ಏನನ್ನೂ ಬಿಡಿಸಲಿಲ್ಲ. ಮಾತು ತಪ್ಪು ಎಂದ, ಪೇತ್ರನನ್ನು ಜೊತೆಯಲ್ಲೇ ಇಟ್ಟುಕೊಂಡ.

ಮಾರ್ಕ 9ಕ್ಕೆ ಬರುತ್ತೇನೆ. ಅದನ್ನು ಬಿಟ್ಟು ಹೋದರೆ ನಿಮಗೆ ಮೋಸ ಮಾಡಿದ ಹಾಗೆ. ಅಲ್ಲಿ ತಂದೆಯೊಬ್ಬ ತನ್ನ ಹುಡುಗನನ್ನು ಯೇಸುವಿನ ಹತ್ತಿರ ಕರೆತರುತ್ತಾನೆ. ಆ ಹುಡುಗ ನೆಲಕ್ಕೆ ಬೀಳುತ್ತಾನೆ, ನೊರೆ ಸುರಿಸುತ್ತಾನೆ, ಹಲ್ಲು ಕಡಿಯುತ್ತಾನೆ, ಸೆಟೆದುಕೊಳ್ಳುತ್ತಾನೆ. ಬೆಂಕಿಗೂ ಬಿದ್ದಿದ್ದಾನೆ, ನೀರಿಗೂ ಬಿದ್ದಿದ್ದಾನೆ. ನೀವು ಓದುವಾಗ ಕಣ್ಣಲ್ಲಿ ನೀರು ಬಂದಿರಬೇಕು. ಮಾರ್ಕ ಅದನ್ನು ಆತ್ಮ ಎನ್ನುತ್ತಾನೆ, ಯೇಸು ಅದನ್ನು ಗದರಿಸುತ್ತಾನೆ. ಇದು ಬೈಬಲಿನಲ್ಲಿ ಇದೆ, ಇಲ್ಲ ಎನ್ನಲಾರೆ. ಆದರೆ ಇದೇ ಹುಡುಗನ ಕಥೆಯನ್ನು ಮತ್ತಾಯ 17ರಲ್ಲಿ ಹೇಳುವಾಗ ಬಳಸಿದ ಮಾತು ‘ಚಂದ್ರ ಬಡಿದವನು’ ಎಂಬರ್ಥದ್ದು. ಮೂರ್ಛೆರೋಗಕ್ಕೆ ಆ ಕಾಲದ ಗ್ರೀಕರು ಹಾಗೆ ಹೇಳುತ್ತಿದ್ದರು. ಅದೇ ಮತ್ತಾಯ 4:24ರಲ್ಲಿ ಯೇಸುವಿನ ಹತ್ತಿರ ಕರೆತಂದವರ ಪಟ್ಟಿ ಇದೆ. ಅಲ್ಲಿ ದೆವ್ವ ಹಿಡಿದವರು ಬೇರೆ, ಮೂರ್ಛೆರೋಗದವರು ಬೇರೆ, ಪಾರ್ಶ್ವವಾಯುವಿನವರು ಬೇರೆ. ಫಿಟ್ಸ್ ಅಂದರೆ ದೆವ್ವ ಎಂದು ಬೈಬಲೇ ಹೇಳುವುದಿಲ್ಲ ಅಂದ ಹಾಗಾಯಿತು.

ಮಾರ್ಕನ ಹುಡುಗನ ವಿಷಯದಲ್ಲಿ ಓದುಬಲ್ಲ ಕ್ರೈಸ್ತರಲ್ಲೇ ಎರಡು ಮಾತಿದೆ. ಕಾಯಿಲೆಯನ್ನೇ ಆ ಕಾಲದ ಭಾಷೆಯಲ್ಲಿ ಆತ್ಮ ಎಂದರು ಎನ್ನುವವರಿದ್ದಾರೆ. ಇಲ್ಲ, ಅದು ಆತ್ಮವೇ, ತೋರಿದ ರೀತಿ ಮಾತ್ರ ಕಾಯಿಲೆಯಂತಿತ್ತು ಎನ್ನುವವರೂ ಇದ್ದಾರೆ. ನಾನು ಮೊದಲನೆಯ ಕಡೆ ವಾಲುತ್ತೇನೆ. ಆದರೆ ನೀವು ಯಾವುದನ್ನು ಒಪ್ಪಿದರೂ ಯೇಸು ಅಲ್ಲಿ ನಡೆದುಕೊಂಡ ರೀತಿ ನೋಡಿ. ಜನ ಗದ್ದಲ ಮಾಡುತ್ತಿದ್ದಾರೆ, ಶಾಸ್ತ್ರಿಗಳು ವಾದಕ್ಕೆ ಇಳಿದಿದ್ದಾರೆ. ಯೇಸು ತಂದೆಯನ್ನು ಕೇಳುತ್ತಾನೆ: ‘ಇದು ಇವನಿಗೆ ಎಷ್ಟು ದಿನದಿಂದ ಆಗುತ್ತಿದೆ?’ ನಾಳೆ ಡಾಕ್ಟರು ನಿಮ್ಮನ್ನು ಮೊದಲು ಕೇಳುವುದೂ ಇದನ್ನೇ. ಯಾರ ಪಾಪ ಅಂತ ಕೇಳಲಿಲ್ಲ. ದಾರ ಯಾರು ಕಟ್ಟಿದರು ಅಂತ ಕೇಳಲಿಲ್ಲ. ತಂದೆ ‘ನಂಬುತ್ತೇನೆ, ನನ್ನ ಅಪನಂಬಿಕೆಗೂ ನೀನೇ ಸಹಾಯ ಮಾಡು’ ಎಂದು ಅತ್ತ. ಅಷ್ಟು ಅರೆಬರೆ ನಂಬಿಕೆಯೇ ಸಾಕಾಯಿತು. ಕೊನೆಗೆ ಹುಡುಗ ಸತ್ತಂತೆ ಬಿದ್ದಾಗ ಯೇಸು ಕೈ ಹಿಡಿದು ಎಬ್ಬಿಸಿದ. ಲೂಕ ಇನ್ನೊಂದು ಮಾತು ಸೇರಿಸುತ್ತಾನೆ: ಹುಡುಗನನ್ನು ತಂದೆಗೆ ಒಪ್ಪಿಸಿದ. ಇನ್ನು ‘ಪ್ರಾರ್ಥನೆ ಉಪವಾಸಗಳಿಂದಲ್ಲದೆ ಇದು ಹೋಗದು’ ಎಂಬ ವಚನ. ಮಾರ್ಕನ ಅತ್ಯಂತ ಹಳೆಯ ಎರಡು ದೊಡ್ಡ ಹಸ್ತಪ್ರತಿಗಳಲ್ಲಿ ‘ಉಪವಾಸ’ ಎಂಬ ಪದವೇ ಇಲ್ಲ, ‘ಪ್ರಾರ್ಥನೆ’ ಮಾತ್ರ ಇದೆ. ಅದನ್ನು ಹೇಳಿದ್ದೂ ಶಿಷ್ಯರಿಗೆ. ಹುಡುಗನನ್ನು ಯಾರೂ ಉಪವಾಸ ಕೆಡವಲಿಲ್ಲ.

ಗುಳಿಗೆ ಬಿಸಾಡಿ ಎಂದವರಿಗೆ ನಾನು ಓದಿ ಹೇಳುವುದು ಮತ್ತಾಯ 4. ಅಡವಿಯಲ್ಲಿ ಸೈತಾನ ಯೇಸುವಿಗೆ ಆಮಿಷ ಒಡ್ಡಿ ಪರೀಕ್ಷಿಸಿದ ಕಥೆ. ದೇವಾಲಯದ ಶಿಖರದ ಮೇಲೆ ನಿಲ್ಲಿಸಿ ‘ಕೆಳಗೆ ಧುಮುಕು, ದೇವದೂತರು ನಿನ್ನನ್ನು ಕೈಯಲ್ಲಿ ಹಿಡಿಯುತ್ತಾರೆ’ ಎನ್ನುತ್ತಾನೆ. ಸುಮ್ನೆ ಹೇಳುವುದಿಲ್ಲ, 91ನೇ ಕೀರ್ತನೆಯ ವಚನ ಹಿಡಿದು ಹೇಳುತ್ತಾನೆ. ಸೈತಾನನಿಗೂ ವಚನ ಬಾಯಿಪಾಠ ಬರುತ್ತದೆ. ಯೇಸು ‘ನಿನ್ನ ದೇವರಾದ ಕರ್ತನನ್ನು ಪರೀಕ್ಷಿಸಬಾರದು’ ಎಂದು ಶಿಖರದ ಮೇಲೆಯೇ ನಿಂತ. ಧುಮುಕಲಿಲ್ಲ. ಅದು ಅಪನಂಬಿಕೆಯೇ? ಗುಳಿಗೆ ನಿಲ್ಲಿಸು, ದೇವರು ಹಿಡಿಯುತ್ತಾನೆ ಎಂಬ ಮಾತಿಗೂ ಶಿಖರದಿಂದ ಧುಮುಕು ಎಂಬ ಮಾತಿಗೂ ನನಗೆ ವ್ಯತ್ಯಾಸ ಕಾಣುವುದಿಲ್ಲ.

ನೀವು ಮೆಥೊಡಿಸ್ಟರು. ನಿಮ್ಮ ಸಭೆಗೆ ಬೇರು ಹಾಕಿದ ಜಾನ್ ವೆಸ್ಲಿ ದೆವ್ವಗಳಿಲ್ಲ ಎನ್ನುವ ಮನುಷ್ಯ ಅಲ್ಲವೇ ಅಲ್ಲ. ಆದರೂ ಅವರು 1746ರಲ್ಲಿ ಬಡವರಿಗೆ ಪುಕ್ಕಟೆ ಔಷಧಿ ಕೊಡುವ ದವಾಖಾನೆ ತೆರೆದರು. ಮರುವರ್ಷ ಬಡವರು ಮನೆಯಲ್ಲೇ ಮಾಡಿಕೊಳ್ಳಬಹುದಾದ ಔಷಧಿಗಳ ಪುಸ್ತಕವನ್ನೇ ಬರೆದರು. ಯಾದಗಿರಿಯಲ್ಲಿ ಮೆಥೊಡಿಸ್ಟ್ ಮಿಷನ್ ಆಸ್ಪತ್ರೆ ಕಟ್ಟಿದ್ದು ಅದೇ ನಂಬಿಕೆಯಿಂದ. ಔಷಧಿ ಅಪನಂಬಿಕೆಯಾಗಿದ್ದರೆ ಮಿಷನರಿಗಳು ಇಷ್ಟು ದೂರ ಬಂದು ಆಸ್ಪತ್ರೆ ಯಾಕೆ ಕಟ್ಟುತ್ತಿದ್ದರು?

ಕಥೊಲಿಕರ ಮಾತೂ ತಿಳಿದಿರಲಿ. ಕಲಬುರಗಿ, ಬೀದರ್, ಯಾದಗಿರಿ ಸೇರಿದಂತೆ 2005ರಲ್ಲಿ ಅವರದೇ ಧರ್ಮಕ್ಷೇತ್ರ, ಅಂದರೆ ಒಬ್ಬ ಧರ್ಮಾಧ್ಯಕ್ಷರ (ಬಿಷಪ್ಪರ) ಆಡಳಿತದ ಸೀಮೆ, ಆಗಿದೆ. ಹುಮನಾಬಾದ್ ಕಡೆಯೂ ನಿಮಗೆ ಪರಿಚಯದವರು ಇದ್ದಾರು. ದೆವ್ವ ಬಿಡಿಸುವ ವಿಧಿ ಅವರಲ್ಲಿ ಇಂದಿಗೂ ಇದೆ. ಆದರೆ ಧರ್ಮಾಧ್ಯಕ್ಷರ ಸ್ಪಷ್ಟ ಅಪ್ಪಣೆ ಇಲ್ಲದೆ ಯಾವ ಫಾದರೂ ಅದನ್ನು ಮಾಡುವಂತಿಲ್ಲ. ಮೊದಲು ಇದು ಕಾಯಿಲೆಯಲ್ಲ ಎಂದು ಖಾತ್ರಿ ಮಾಡಿಕೊಳ್ಳಬೇಕು ಎಂದು ಅವರ ಧರ್ಮೋಪದೇಶವೇ ಹೇಳುತ್ತದೆ. 1614ರ ಹಳೆ ವಿಧಿಯನ್ನು 1999ರಲ್ಲಿ ಹೊಸದಾಗಿ ಬರೆದರು. ಇಷ್ಟು ಬಿಗಿ ಯಾಕೆ ಬೇಕು ಎನ್ನುವುದಕ್ಕೆ ಒಂದು ಘಟನೆ ಸಾಕು. ಜರ್ಮನಿಯಲ್ಲಿ ಒಬ್ಬ ಕಾಲೇಜು ಹುಡುಗಿ. ಅವಳಿಗೂ ಮೂರ್ಛೆರೋಗ ಇತ್ತು, ಔಷಧಿಯೂ ನಡೆದಿತ್ತು. ಆಮೇಲೆ ದೆವ್ವ ಎಂದು ತೀರ್ಮಾನವಾಯಿತು. ಧರ್ಮಾಧ್ಯಕ್ಷರ ಅಪ್ಪಣೆಯೂ ಸಿಕ್ಕಿತು. 67 ಸಲ ವಿಧಿ ನಡೆಯಿತು. ಅನ್ನನೀರು ಬಿಟ್ಟು, ಎಲುಬಿನ ಹಂದರವಾಗಿ, 1976ರಲ್ಲಿ 23ನೇ ವಯಸ್ಸಿಗೆ ತೀರಿಕೊಂಡಳು. ಅವಳ ತಂದೆತಾಯಿಗೂ ಇಬ್ಬರು ಪಾದ್ರಿಗಳಿಗೂ ಕೋರ್ಟು 1978ರಲ್ಲಿ ಶಿಕ್ಷೆ ಕೊಟ್ಟಿತು. ಅವರೂ ಅವಳನ್ನು ಪ್ರೀತಿಸುತ್ತಿದ್ದವರೇ.

ನನ್ನ ಕಣ್ಣಾರೆ ಕಂಡದ್ದೊಂದು ಹೇಳುತ್ತೇನೆ. ನನಗೆ ಆಗ 26. ಚಿಂಚೋಳಿ ಕಡೆಯ ಒಂದು ಹಳ್ಳಿ. ಹದಿನೇಳು ಹದಿನೆಂಟರ ಸೊಸೆಗೆ ಹೊರಗಿಂದು ಬಡಿದಿದೆ ಅಂತ ಊರೂರು ಸುತ್ತುವ ಒಬ್ಬ ಬೋಧಕರನ್ನು ಕರೆಸಿದ್ದರು. ಕಿಟಕಿ ಮುಚ್ಚಿದ ಕೋಣೆ. ತಗಡಿನ ಬುಟ್ಟಿಯಲ್ಲಿ ಕೆಂಡ, ಕೆಂಡದ ಮೇಲೆ ಹಿಡಿಗಟ್ಟಲೆ ಒಣ ಮೆಣಸಿನಕಾಯಿ. ಕೂದಲು ಹಿಡಿದು ಅವಳ ಮುಖವನ್ನು ಹೊಗೆಗೆ ಬಾಗಿಸಿ ‘ಹೆಸರು ಹೇಳು, ಹೆಸರು ಹೇಳು’ ಎನ್ನುತ್ತಿದ್ದರು. ಕೆಮ್ಮಿ ಕೆಮ್ಮಿ ಕೊನೆಗೆ ಅವಳು ಓಣಿಯ ಒಬ್ಬ ವಿಧವೆಯ ಹೆಸರು ಹೇಳಿದಳು. ಎಲ್ಲರೂ ಸ್ತೋತ್ರ ಎಂದರು. ನಾನು ಬೈಬಲ್ ಎದೆಗೆ ಒತ್ತಿಕೊಂಡು ಹೊಸ್ತಿಲಲ್ಲಿ ನಿಂತಿದ್ದೆ, ಬಾಯಿ ಬಿಡಲಿಲ್ಲ. ಎಲ್ಲರೂ ಹೋದ ಮೇಲೆ ಒಬ್ಬ ಮುದುಕಿ ಒಳಗೆ ಬಂದು ಕಿಟಕಿ ತೆರೆದಳು. ಅವಳ ಕಣ್ಣಿಗೆ ತಣ್ಣೀರು ಹಾಕಿ ತನ್ನ ಸೆರಗಿನಿಂದ ಒರೆಸಿದಳು. ‘ಏನರ ಉಂಡೀಯೇನವ್ವಾ?’ ಅಂತ ಕೇಳಿದಳು. ಆಗ ಹುಡುಗಿ ಅತ್ತಳು. ಹಿಂದಿನ ತಿಂಗಳು ಅವಳ ಕೂಸು ಹುಟ್ಟಿದ ಮೂರನೇ ದಿನಕ್ಕೆ ತೀರಿಹೋಗಿತ್ತು. ಅಂದಿನಿಂದ ನಿದ್ದೆಯಿಲ್ಲ, ಊಟವಿಲ್ಲ. ಅದನ್ನು ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಆ ಕೋಣೆಯಲ್ಲಿ ಕರ್ತನ ಕೆಲಸ ಮಾಡಿದವಳು ಆ ಮುದುಕಿ. ಆ ಹೊಗೆಯ ವಾಸನೆ ಇಂದಿಗೂ ನನ್ನ ಮೂಗಿನಲ್ಲಿದೆ. ನಿಮಗೆ ಇಷ್ಟು ಉದ್ದ ಬರೆಯುವುದಕ್ಕೂ ಅದೇ ಕಾರಣ.

ಹೆಸರು ಹೇಳಿಸುವ ಈ ಆಟ ಎಲ್ಲಿಗೆ ಮುಟ್ಟುತ್ತದೆ ಎನ್ನುವುದು ನಮ್ಮ ಸಭೆಯ ಚರಿತ್ರೆಯಲ್ಲೇ ಇದೆ. 15ರಿಂದ 18ನೇ ಶತಮಾನದವರೆಗೆ ಯುರೋಪಿನಲ್ಲಿ ಮಾಟಗಾತಿಯರು ಎಂದು ಹೇಳಿ ಸುಮಾರು 40ರಿಂದ 50 ಸಾವಿರ ಜನರನ್ನು ಕೊಂದರು. ಹೆಚ್ಚಿನವರು ಹೆಂಗಸರು. ಕೊಂದವರು ಕ್ರೈಸ್ತರು. ಫ್ರೆಡ್ರಿಕ್ ಸ್ಪೇ ಎಂಬ ಜೆಸ್ವಿಟ್ ಪಾದ್ರಿ ಇದರ ವಿರುದ್ಧ ಬರೆದ ಪುಸ್ತಕ 1631ರಲ್ಲಿ ಅವರ ಹೆಸರಿಲ್ಲದೆ ಅಚ್ಚಾಯಿತು. ಇಷ್ಟು ಹಿಂಸೆ ಕೊಟ್ಟರೆ ಯಾರು ಬೇಕಾದರೂ ತಪ್ಪೊಪ್ಪಿಕೊಳ್ಳುತ್ತಾರೆ ಎಂಬುದು ಅವರ ವಾದ. ನಿಮ್ಮ ಓಣಿಯವರು ಭಾನಾಮತಿ ಎಂದರೆ ನನಗೆ ಭಯವಾಗುವುದು ಇದಕ್ಕೇ. ಬೀದರ್, ಕಲಬುರಗಿ ಕಡೆ ಈ ಮಾತು ಹುಟ್ಟಿದ ಕೂಡಲೇ ‘ಮಾಡಿಸಿದವರು ಯಾರು’ ಎಂಬ ಪ್ರಶ್ನೆ ಏಳುತ್ತದೆ. ಆಮೇಲೆ ಬೆರಳು ಹೋಗಿ ನಿಲ್ಲುವುದು ಯಾರೋ ದಿಕ್ಕಿಲ್ಲದವರ ಮನೆಯ ಮುಂದೆ. ಆ ಮಾತಿಗೆ ನಿಮ್ಮ ಮನೆಯಲ್ಲಿ ಜಾಗ ಕೊಡಬೇಡಿ. ದೆವ್ವ ಬಿಡಿಸುವ ನೆಪದಲ್ಲಿ ಕಟ್ಟಿಹಾಕುವುದು, ಹೊಡೆಯುವುದು ನಮ್ಮ ರಾಜ್ಯದಲ್ಲಿ ಈಗ ಅಪರಾಧ. ಅಮಾನವೀಯ ಆಚರಣೆ ಮತ್ತು ವಾಮಾಚಾರ ತಡೆಯುವ 2017ರ ಕಾಯ್ದೆ 2020ರ ಜನವರಿಯಿಂದ ಜಾರಿಯಲ್ಲಿದೆ. ಯಾರಾದರೂ ಹುಡುಗನ ಮೈಮೇಲೆ ಕೈ ಮಾಡಲು ಬಂದರೆ ಪೊಲೀಸರಿಗೆ ಹೇಳಲು ಹಿಂಜರಿಯಬೇಡಿ.

ಅಜ್ಜಿಯ ದಾರದ ಬಗ್ಗೆ ಎರಡೇ ಮಾತು. ನಮ್ಮ ಕಡೆ ಗಾಣಗಾಪುರಕ್ಕೂ ಹೋಗುತ್ತಾರೆ, ಬಂದೇನವಾಜ್ ದರ್ಗಾಕ್ಕೂ ಹೋಗುತ್ತಾರೆ. ಮೊಮ್ಮಗ ಉಳಿಯಲಿ ಅಂತ ಅಜ್ಜಿ ಎಲ್ಲಿಂದಲೋ ಒಂದು ದಾರ ತಂದಿದ್ದಾಳೆ. ಕ್ರೈಸ್ತರಾಗಿ ನಾವು ದಾರ ಕಟ್ಟುವುದಿಲ್ಲ. ಆದರೆ ದಾರಕ್ಕೆ ಹೆದರುವುದೂ ಇಲ್ಲ. ನೂಲಿನ ಎಳೆಯೊಂದು ದೇವರ ಮಗುವಿನೊಳಗೆ ಬಾಗಿಲು ಕೊರೆಯುತ್ತದೆ ಎಂದು ನಂಬುವುದು ದಾರಕ್ಕೆ ಅಜ್ಜಿ ಕೊಟ್ಟದ್ದಕ್ಕಿಂತ ಜಾಸ್ತಿ ಶಕ್ತಿ ಕೊಟ್ಟ ಹಾಗೆ. ಅಜ್ಜಿಯನ್ನು ನೋಯಿಸಬೇಡಿ.

ಹಾಗಾದರೆ ಸೈತಾನನ ಶಕ್ತಿ ಎಷ್ಟು? ಇದರಲ್ಲಿ ಸಭೆ ಮೊದಲಿನಿಂದ ಒಂದೇ ಮಾತು ಹೇಳಿದೆ. ಒಳ್ಳೆಯದಕ್ಕೆ ಒಬ್ಬ ದೇವರು, ಕೆಟ್ಟದ್ದಕ್ಕೆ ಅಷ್ಟೇ ಬಲದ ಇನ್ನೊಬ್ಬ, ಹಾಗಿಲ್ಲ. ಹಿಂದಿನ ಕಾಲದ ದೊಡ್ಡ ದೇವಶಾಸ್ತ್ರಿ ಅಗಸ್ಟೀನ್ ಚಿಕ್ಕವಯಸ್ಸಿನಲ್ಲಿ ಹಾಗೆ ನಂಬುವ ಮಾನಿಕೇಯ ಪಂಥದವರ ಜೊತೆ ಸುಮಾರು ಒಂಬತ್ತು ವರ್ಷ ಇದ್ದರು. ಆಮೇಲೆ ಅದನ್ನು ಬಿಟ್ಟು ಬಂದು ಬರೆದದ್ದು ಇದು: ಕೇಡು ಎಂಬುದು ತಾನೇ ಒಂದು ವಸ್ತು ಅಲ್ಲ. ಮೈಗೆ ಗಾಯ ಹೇಗೋ ಹಾಗೆ. ಗಾಯ ವಾಸಿಯಾದಾಗ ಅದು ಎದ್ದು ಬೇರೆ ಕಡೆ ಹೋಗಿ ಇರುವುದಿಲ್ಲ, ಇಲ್ಲವಾಗುತ್ತದೆ. 1215ರಲ್ಲಿ ರೋಮಿನಲ್ಲಿ ಸೇರಿದ ಬಿಷಪ್ಪರ ಲ್ಯಾಟೆರನ್ ಮಹಾಸಭೆ ಇನ್ನೂ ಬಿಚ್ಚಿ ಹೇಳಿತು. ಸೈತಾನನನ್ನೂ ದೇವರು ಒಳ್ಳೆಯವನಾಗಿಯೇ ಉಂಟುಮಾಡಿದ, ಅವನು ತಾನಾಗಿ ಕೆಟ್ಟ ಎಂದಿತು. ಅಂದರೆ ಅವನೂ ಉಂಟುಮಾಡಲ್ಪಟ್ಟ ಒಂದು ಜೀವ. ಎಲ್ಲ ಕಡೆಯೂ ಇರಲಾರ, ಎಲ್ಲವನ್ನೂ ಮಾಡಲಾರ. ಯೋಬನ ಮೈ ಮುಟ್ಟಲೂ ಅಪ್ಪಣೆ ಕೇಳಬೇಕಾಯಿತು. ಶಿಷ್ಯರನ್ನು ಗೋಧಿ ಜರಡಿ ಹಿಡಿದ ಹಾಗೆ ಹಿಡಿಯಲು ಸೈತಾನ ಕೇಳಿಕೊಂಡಿದ್ದಾನೆ ಎಂದು ಯೇಸು ಪೇತ್ರನಿಗೆ ಹೇಳಿದಾಗಲೂ ‘ನಾನು ನಿನಗಾಗಿ ಬೇಡಿಕೊಂಡಿದ್ದೇನೆ’ ಎಂಬ ಮಾತು ಜೊತೆಗೇ ಇತ್ತು.

ಇನ್ನೊಂದು ತುದಿಯವರೂ ಇದ್ದಾರೆ. ನಮ್ಮ ಓದಿದ ಹುಡುಗರು ಕೆಲವರು ಹಾಗೆ. ಜರ್ಮನಿಯ ಬುಲ್ಟ್‌ಮನ್ ಎಂಬ ವಿದ್ವಾಂಸರು 1941ರಲ್ಲಿ, ಕರೆಂಟು ದೀಪ, ರೇಡಿಯೊ, ಆಧುನಿಕ ಔಷಧಿ ಬಳಸುತ್ತಾ ಆತ್ಮಗಳ ಲೋಕವನ್ನೂ ನಂಬಲಿಕ್ಕೆ ಆಗದು ಎಂದರು. ಅವರಿಂದ ನಾನು ತುಂಬಾ ಕಲಿತಿದ್ದೇನೆ. ಆದರೆ ಆ ಇಸವಿ ನೋಡಿ, ಆ ದೇಶ ನೋಡಿ. ಅದೇ ರೇಡಿಯೊದಲ್ಲಿ ಆಗ ಅಲ್ಲಿ ಹಗಲಿರುಳು ಯೆಹೂದ್ಯರ ಮೇಲೆ ದ್ವೇಷ ಬಿತ್ತುತ್ತಿದ್ದರು. ಕರೆಂಟು ಬಂದರೆ ಕೇಡು ಹೋಗುವುದಿಲ್ಲ. ಎಫೆಸ 6ರಲ್ಲಿ ಪೌಲನು ನಮ್ಮ ಹೋರಾಟ ರಕ್ತಮಾಂಸದ ಮನುಷ್ಯರ ಮೇಲಲ್ಲ, ಅಧಿಕಾರಗಳ ಮೇಲೆ, ಕತ್ತಲೆಯ ಶಕ್ತಿಗಳ ಮೇಲೆ ಎನ್ನುತ್ತಾನೆ. ಅದನ್ನು ಓದುವಾಗ ನನಗೆ ನೆನಪಾಗುವುದು ನಮ್ಮ ಅಜ್ಜಂದಿರು. ಊರ ಬಾವಿಯ ಹತ್ತಿರ ಕೊಡ ಇಟ್ಟುಕೊಂಡು ದೂರ ನಿಲ್ಲಬೇಕಿತ್ತು. ಯಾರಾದರೂ ಮೇಲಿನಿಂದ ನೀರು ಹೊಯ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಅದನ್ನು ಶುರು ಮಾಡಿದವನು ಯಾರು? ಊರಲ್ಲಿ ಒಬ್ಬೊಬ್ಬರನ್ನೇ ಕೇಳಿದರೆ ಎಲ್ಲರೂ ಒಳ್ಳೆಯವರೇ. ಎಲ್ಲರೂ ಸೇರಿದರೆ ಮಾತ್ರ ಆ ಕ್ರೌರ್ಯ ನಡೆಯುತ್ತಿತ್ತು, ತಲೆಮಾರುಗಟ್ಟಲೆ. ಒಬ್ಬ ಮನುಷ್ಯನ ಕೆಟ್ಟತನಕ್ಕಿಂತ ದೊಡ್ಡದಾದ, ಎಲ್ಲರನ್ನೂ ಹಿಡಿದು ಆಡಿಸುವ ಆ ಸುಳ್ಳಿಗೆ ನಾನು ಸೈತಾನ ಎಂದೇ ಹೆಸರಿಡುತ್ತೇನೆ. ನಮ್ಮ ಪ್ರಾರ್ಥನೆಯಲ್ಲಿ ‘ಕೇಡಿನಿಂದ ನಮ್ಮನ್ನು ತಪ್ಪಿಸು’ ಎನ್ನುತ್ತೇವೆ. ಆ ಗ್ರೀಕ್ ಮಾತನ್ನು ‘ಕೇಡಿಗನಿಂದ’ ಎಂದೂ ಓದಬಹುದು. ನಾನು ಎರಡೂ ಅರ್ಥ ಇಟ್ಟುಕೊಂಡು ಪ್ರಾರ್ಥಿಸುತ್ತೇನೆ.

ಪ್ರಾರ್ಥನೆ ಬಿಡಬೇಡಿ, ತಂಗಿ. ಸಭೆಯ ಹಿರಿಯರನ್ನು ಮನೆಗೆ ಕರೆಯಿರಿ. ಯಾಕೋಬ 5ರಲ್ಲಿ ಇರುವಂತೆ ಹುಡುಗನ ತಲೆಗೆ ಎಣ್ಣೆ ಹಚ್ಚಿ ಪ್ರಾರ್ಥಿಸಲಿ. ಎಣ್ಣೆ ಆ ಕಾಲದಲ್ಲಿ ಔಷಧಿಯೂ ಹೌದು. ಒಳ್ಳೆಯ ಸಮಾರ್ಯದವನು ಗಾಯಕ್ಕೆ ಹೊಯ್ದದ್ದು ಎಣ್ಣೆ ಮತ್ತು ದ್ರಾಕ್ಷಾರಸ. ರಾತ್ರಿ ಗುಳಿಗೆ ನುಂಗುವಾಗ ಇಬ್ಬರೂ ಒಂದು ಸಣ್ಣ ಪ್ರಾರ್ಥನೆ ಮಾಡಿ ನುಂಗಿಸಿ. ಕೂಟದವರು ಮನೆಗೆ ಬಂದರೆ ಚಹಾ ಕೊಡಿ. ಗುಳಿಗೆ ನಿಲ್ಲಿಸಿ ಎಂದರೆ, ಡಾಕ್ಟರು ಬಂದು ಹೇಳಲಿ ಎನ್ನಿ.

ಹುಡುಗನ ಪ್ರಶ್ನೆಗೆ ನಾನೇ ಉತ್ತರ ಬರೆಯುತ್ತೇನೆ, ಅವನಿಗೆ ಓದಿ ಹೇಳಿ.

ಮಗಾ, ನಿನ್ನೊಳಗೆ ಸೈತಾನ ಇಲ್ಲ. ನಿನ್ನ ಮೆದುಳಿನಲ್ಲಿ ಒಮ್ಮೊಮ್ಮೆ ಕರೆಂಟು ಏರುಪೇರಾಗುತ್ತದೆ. ಅದಕ್ಕೆ ಗುಳಿಗೆ ಇದೆ. ಬೈಬಲಿನಲ್ಲಿ, ಗೆರಸೇನರ ಸೀಮೆಯಲ್ಲಿ ದೆವ್ವ ಹಿಡಿದ ಒಬ್ಬನಿದ್ದ. ಸಮಾಧಿಗಳ ನಡುವೆ ಕಿರುಚಿಕೊಂಡು ತಿರುಗುತ್ತಿದ್ದ, ಊರವರು ಸರಪಳಿ ಹಾಕಿದ್ದರು. ಅವನನ್ನು ಯೇಸು ಹೊಡೆಯಲಿಲ್ಲ, ಕಟ್ಟಲಿಲ್ಲ. ‘ನಿನ್ನ ಹೆಸರೇನು’ ಅಂತ ಕೇಳಿದ. ಕೊನೆಗೆ ಜನ ಬಂದು ನೋಡಿದಾಗ ಅವನು ಬಟ್ಟೆ ಉಟ್ಟುಕೊಂಡು, ನೆಟ್ಟಗಿನ ಬುದ್ಧಿಯಿಂದ ಯೇಸುವಿನ ಹತ್ತಿರ ಕೂತಿದ್ದ. ನಿನ್ನ ಮನೆಗೆ, ನಿನ್ನವರ ಹತ್ತಿರ ಹೋಗು ಎಂದು ಯೇಸು ಅವನನ್ನು ಕಳಿಸಿದ. ಅಷ್ಟೊಂದು ಕೆಟ್ಟಿದ್ದವನನ್ನೇ ಊರಿಗೆ ಕಳಿಸಿದವನು ಒಂದು ಕಾಯಿಲೆಗಾಗಿ ನಿನ್ನನ್ನು ಚರ್ಚಿನಿಂದ ದೂರ ಇಡುತ್ತಾನಾ?

ನಿಮ್ಮ ಸಭಾಪಾಲಕರಿಗೆ ನಾನು ಬೇರೆಯಾಗಿ ಒಂದು ಪತ್ರ ಬರೆದಿದ್ದೇನೆ. ಕೈ ಪೂರ್ತಿ ವಾಸಿಯಾಗುವವರೆಗೆ ಅವನು ಢೋಲಕ್ ಪಕ್ಕದಲ್ಲಿ ಕೂತು ಹಾಡಲಿ. ಆಮೇಲೆ ಢೋಲಕ್ ಅವನದೇ. ಮೊದಲ ಭಾನುವಾರ ನೀವೂ ಮುಂದಿನ ಸಾಲಿನಲ್ಲೇ ಕೂತುಕೊಳ್ಳಿ, ಅಜ್ಜಿಯನ್ನೂ ಕರೆದುಕೊಂಡು ಬನ್ನಿ.